ಪಾರ್ಕಿನ್ಸನ್ ಕಾಯಿಲೆಗೆ ಪ್ರೋಬಯಾಟಿಕ್ ಪುಡಿ: ಹೊಟ್ಟೆಗೆ ಒಳ್ಳೆಯದು, ನಡುಕಕ್ಕಲ್ಲ

ಶಿರಸಿಯ ಔಷಧಿ ಅಂಗಡಿಯೊಂದರಲ್ಲಿ ಸಿಗುವ ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾಗಳಿರುವ) ಪುಡಿಯನ್ನು ಪಾರ್ಕಿನ್ಸನ್ ಕಾಯಿಲೆಯಿರುವ ನಮ್ಮ ಅಪ್ಪಯ್ಯನಿಗೆ ಕೆಲವು ಕಾಲದಿಂದ ಕೊಡುತ್ತಿದ್ದೇವೆ. ಅವರ ಮಲಬದ್ಧತೆ ಚೆನ್ನಾಗಿಯೇ ತಗ್ಗಿದೆ. ಕೈನಡುಕ ಮತ್ತು ನಡಿಗೆಯ ಬಿಗಿತ ಮಾತ್ರ ಇದ್ದಂತೆಯೇ ಇವೆ. ಡಬ್ಬಿಯ ಜೊತೆ ಬರುವ ಕರಪತ್ರವಾದರೋ ಕರುಳು ಸರಿಹೋದರೆ ನಡುಕವೂ ನಿಲ್ಲುತ್ತದೆ ಎಂಬ ಆಸೆ ಹುಟ್ಟಿಸುತ್ತದೆ.

ಈ ಮಾತಿಗೆ ಬುಡವೇ ಇಲ್ಲವೆಂದಲ್ಲ. ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನು ಕರುಳಿನ ನರಗಳಲ್ಲಿ ಮೊದಲು ಗಂಟುಕಟ್ಟಿ, ಕರುಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರದ ಮೂಲಕ ಮೇಲೇರುತ್ತಿರಬಹುದೆಂದು ಜರ್ಮನಿಯ ವಿಜ್ಞಾನಿ ಹೈಕೊ ಬ್ರಾಕ್ 2003ರಲ್ಲೇ ಸೂಚಿಸಿದ್ದರು. ನಡುಕ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ಅನೇಕರಿಗೆ ಮಲಬದ್ಧತೆ ಕಾಡುತ್ತದೆ. ಆಹಾರದ ನಾರಿನಿಂದ, ಕರುಳಿನ ಒಳಪದರವನ್ನು ಪೋಷಿಸುವ ಬ್ಯೂಟಿರೇಟ್ ಎಂಬ ವಸ್ತುವನ್ನು ತಯಾರಿಸುವ ಬ್ಯಾಕ್ಟೀರಿಯಾಗಳು ಈ ರೋಗಿಗಳ ಕರುಳಿನಲ್ಲಿ ಕಡಿಮೆಯಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದರಿಂದ ಕರುಳಿನ ಒಳಪದರ ದುರ್ಬಲಗೊಂಡು, ಅಲ್ಲಿ ಹುಟ್ಟಿದ ಉರಿಯೂತ ರಕ್ತದ ಮೂಲಕ ಮಿದುಳನ್ನೂ ತಟ್ಟುತ್ತದೆ ಎಂಬುದು ವಾದ. 2016ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ವಿಜ್ಞಾನಿಗಳು, ಆ ಪ್ರೋಟೀನು ಹೆಚ್ಚಾಗಿ ತಯಾರಾಗುವಂತೆ ಮಾಡಿದ ಇಲಿಗಳಿಗೆ ರೋಗಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಸೇರಿಸಿದಾಗ ಅವುಗಳ ಚಲನೆಯ ತೊಂದರೆ ಹೆಚ್ಚಿತು. ಆದರೆ ಅವು ಇಲಿಗಳು. ಮನುಷ್ಯರಲ್ಲಿ ನಿಧಾನಗೊಂಡ ಕರುಳು, ಬದಲಾದ ಊಟ, ನುಂಗುವ ಮಾತ್ರೆ ಇವೂ ಬ್ಯಾಕ್ಟೀರಿಯಾಗಳನ್ನು ಬದಲಿಸುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮಲಬದ್ಧತೆಯ ವಿಷಯ ಬೇರೆ: ಮಲೇಷ್ಯಾದಲ್ಲಿ ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ನಾಲ್ಕು ವಾರಗಳ ಪ್ರಯೋಗದಲ್ಲಿ ಹಲವು ತಳಿಗಳ ಪ್ರೋಬಯಾಟಿಕ್ ಗುಣ ತೋರಿಸಿದೆ.

ನನ್ನ ದೊಡ್ಡ ಆಕ್ಷೇಪ ಬಳಕೆಯ ಸೂಚನೆಯ ಬಗ್ಗೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಹಾಲಿಗೆ ಪುಡಿ ಬೆರೆಸಿ ಕುಡಿಯಬೇಕೆಂದು ಡಬ್ಬಿಯ ಮೇಲಿದೆ. ನಡುಕ, ಬಿಗಿತಗಳಿಗೆಂದು ಕೊಡುವ ಲೆವೊಡೋಪಾ ಮಾತ್ರೆ ನುಂಗುವ ಹೊತ್ತೂ ಅದೇ. ಹಾಲಿನ ಪ್ರೋಟೀನು ಲೆವೊಡೋಪಾದೊಂದಿಗೆ ಪೈಪೋಟಿಗಿಳಿದು ಅದು ರಕ್ತಕ್ಕೂ ಮಿದುಳಿಗೂ ಸೇರುವುದನ್ನು ತಗ್ಗಿಸುತ್ತದೆ. ಪಾರ್ಕಿನ್ಸನ್ ರೋಗಿಗಳಿಗೆಂದೇ ಮಾರುವ ಸರಕಿನಲ್ಲಿ ಈ ಎಚ್ಚರಿಕೆ ಇಲ್ಲದಿರುವುದು ಸಣ್ಣ ಲೋಪವಲ್ಲ. ನಾವು ವೈದ್ಯರನ್ನು ಕೇಳಿ, ಮಾತ್ರೆಯ ಸಮಯ ತಪ್ಪಿಸಿ ಮಧ್ಯಾಹ್ನ ಊಟದ ಮೇಲೆ ಬರಿ ನೀರಿನಲ್ಲಿ ಕದಡಿ ಕೊಡುತ್ತೇವೆ. ಪುಡಿ ಗಂಟಾಗದೆ ಕರಗುತ್ತದೆ, ಕಿತ್ತಳೆಯ ಪರಿಮಳ ತುಸು ಅತಿಯಾಯಿತು. (ಮಜ್ಜಿಗೆಯಲ್ಲಿ ಕೊಟ್ಟರಾಗದೇ ಎಂದು ಅಪ್ಪಯ್ಯ ದಿನವೂ ಕೇಳುತ್ತಾರೆ.)

ಡಬ್ಬಿಯ ಮೇಲೆ ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕುಲಗಳ ಹೆಸರಷ್ಟೇ ಇದೆ, ತಳಿಯ ಹೆಸರಿಲ್ಲ. ಒಂದು ತಳಿಯ ಗುಣ ಇನ್ನೊಂದಕ್ಕೂ ಇರುತ್ತದೆಂದು ಹೇಳಲಾಗದ್ದರಿಂದ ಇದನ್ನು ಯಾವ ಅಧ್ಯಯನದೊಂದಿಗೂ ಹೋಲಿಸಿ ನೋಡಲಾಗದು. ತಂಪಾದ ಜಾಗದಲ್ಲಿಡಬೇಕೆಂಬ ಸೂಚನೆಯಿದ್ದರೂ ಅಂಗಡಿಯಲ್ಲಿ ಅದು ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿತ್ತು. ಒಳಗಿಟ್ಟ ಹೊಸ ಸರಕನ್ನು ಕೇಳಿ ತರುವುದು ಲೇಸು. ತಿಂಗಳಿಗೆ ಲೆವೊಡೋಪಾ ಮಾತ್ರೆಗಿಂತ ಇದಕ್ಕೇ ಹೆಚ್ಚು ಹಣ ಬೀಳುತ್ತದೆ. ಮಲಬದ್ಧತೆಗಾಗಿ ನಾವು ಮುಂದುವರಿಸುತ್ತಿದ್ದೇವೆ, ಮಾತ್ರೆಯ ಪ್ರಮಾಣದಲ್ಲಿ ಒಂದಿಷ್ಟೂ ಕಡಿತ ಮಾಡಿಲ್ಲ.