ಮ್ಯಾಜಿಕ್ ಪೆಟ್ಟಿಗೆ: ಲಕ್ವ ಹೊಡೆದ ಕೈಗೆ ಎಷ್ಟು ಉಪಯೋಗ?

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಕಡೆ ಆಟಿಕೆ ಅಂಗಡಿಗಳಲ್ಲಿ ಸಿಗುವಂಥ ಮಕ್ಕಳ ಮ್ಯಾಜಿಕ್ ಪೆಟ್ಟಿಗೆ ಲಕ್ವದ ನಂತರ ಬಿಗಿದುಕೊಂಡ ಕೈಗೂ ಕೆಲಸಕ್ಕೆ ಬರುತ್ತದೆ. ಆದರೆ ಒಳಗಿರುವ ಸಾಮಾನಿನಲ್ಲಿ ಅರ್ಧವನ್ನು ಪಕ್ಕಕ್ಕಿಡಬೇಕು. ಇದು ಹೊಸ ಯೋಚನೆಯೇನಲ್ಲ. ಜಾದೂಗಾರ ಡೇವಿಡ್ ಕಾಪರ್‌ಫೀಲ್ಡ್ 1982ರಲ್ಲೇ ‘ಪ್ರಾಜೆಕ್ಟ್ ಮ್ಯಾಜಿಕ್’ ಹೆಸರಿನಲ್ಲಿ ಇದನ್ನು ಆಸ್ಪತ್ರೆಗಳಿಗೆ ಒಯ್ದರು. ಲಂಡನ್ನಿನ ‘ಬ್ರೀದ್ ಮ್ಯಾಜಿಕ್’ ಶಿಬಿರಗಳಲ್ಲಿ ದೇಹದ ಒಂದು ಬದಿ ಸೋತ ಮಕ್ಕಳು ಜಾದೂ ಕಲಿಯುತ್ತಲೇ ಎರಡೂ ಕೈ ಪಳಗಿಸಿಕೊಳ್ಳುತ್ತಾರೆ.

ಪೆಟ್ಟಿಗೆಯಲ್ಲಿ ನಿಜಕ್ಕೂ ಬೆಲೆಬಾಳುವುದು ಸ್ಪಂಜಿನ ಚೆಂಡುಗಳು. ಒಂದೂವರೆ ಇಂಚಿನವು ಸಾಕು. ಚೆಂಡನ್ನು ಸರಿ ಇರುವ ಕೈಯಿಂದ ಸೋತ ಕೈಗೆ ಕೊಡಿ, ನಿಧಾನವಾಗಿ ಬೆರಳು ಮಡಚಿ, ಮುಂಗೈ ತಿರುಗಿಸಿ ಅಂಗೈ ಮೇಲಾಗಿಸಿ, ಬಿಡಿಸಿ ತೋರಿಸಿ. ‘ಕೈ ಖಾಲಿ ನೋಡಿ’ ಎಂದು ತೋರಿಸಲು ಜಾದೂಗಾರ ಮಾಡುವುದೂ ಇದನ್ನೇ. ಲಕ್ವದ ಕೈಗೆ ತೀರಾ ಕಷ್ಟವಾಗುವುದೂ ಇದೇ ತಿರುವು. ಹೆಚ್ಚಿನವರು ಎಡವುವುದು ಒಂದು ಕಡೆ: ಚೆಂಡನ್ನು ಬಲವಾಗಿ ಹಿಸುಕುತ್ತಾ ಕೂರುತ್ತಾರೆ. ಬಿಗಿತ ಇರುವ ಕೈಗೆ ಹಿಸುಕುವುದಕ್ಕಿಂತ ಬಿಡುವುದನ್ನು ಕಲಿಸಬೇಕು. ಭುಜ ಮೇಲೇರುತ್ತಿದ್ದರೆ, ದೇಹ ಒಂದು ಕಡೆ ವಾಲುತ್ತಿದ್ದರೆ ನಿಲ್ಲಿಸಿ, ಮೊಣಕೈಯನ್ನು ಮೇಜಿನ ಮೇಲೆ ಊರಿ ಮತ್ತೆ ಶುರುಮಾಡಿ. ಎದುರಿಗೆ ಕನ್ನಡಿ ಇದ್ದರೆ ಇದು ತಕ್ಷಣ ಗೊತ್ತಾಗುತ್ತದೆ.

ಚೆಂಡನ್ನು ಅಡಗಿಸಿ ಮಾಯ ಮಾಡುವ ಆಟಕ್ಕೆ ಪೆಟ್ಟಿಗೆಯಲ್ಲಿರುವ ಪ್ಲಾಸ್ಟಿಕ್ ಬಟ್ಟಲುಗಳು ತೀರಾ ಹಗುರ, ಮುಟ್ಟಿದರೆ ಉರುಳುತ್ತವೆ. ಅವುಗಳ ಬದಲು ಮನೆಯ ಮೂರು ಸ್ಟೀಲ್ ಕಾಫಿ ಲೋಟ ಬೋರಲು ಹಾಕಿ. ತೂಕವಿದೆ, ಅಂಚಿಗೆ ಬೆರಳು ಸಿಗುತ್ತದೆ.

ರಬ್ಬರ್ ಬ್ಯಾಂಡ್ ಜಿಗಿಸುವ ಆಟವೂ ಚೆನ್ನ. ಬ್ಯಾಂಡನ್ನು ತೋರುಬೆರಳು, ಮಧ್ಯದ ಬೆರಳುಗಳ ಬುಡಕ್ಕೆ ಹಾಕಿ, ಇನ್ನೊಂದು ಕೈಯಿಂದ ಅಂಗೈ ಕಡೆ ಎಳೆದು, ಮುಷ್ಟಿ ಮಡಚುವಾಗ ನಾಲ್ಕೂ ಬೆರಳ ತುದಿ ಅದರೊಳಗೆ ಸೇರಿಸಿ. ಬೆರಳು ನೀಡಿದರೆ ಬ್ಯಾಂಡ್ ಉಂಗುರಬೆರಳು, ಕಿರುಬೆರಳಿಗೆ ಹಾರುತ್ತದೆ. ಬ್ಯಾಂಡ್ ದಪ್ಪವಿದ್ದರೆ ಬೆರಳು ನೀಡಲಾಗದು, ಚಿಕ್ಕದಿದ್ದರೆ ರಕ್ತ ಓಡಾಟ ತಡೆಯುತ್ತದೆ. ಸ್ಪರ್ಶ ಗೊತ್ತಾಗದ ಕೈಗೆ ಇದನ್ನು ಕೊಡಲೇಬೇಡಿ.

ಹುಸಿ ಹೆಬ್ಬೆರಳನ್ನೂ (ಹೆಬ್ಬೆರಳ ತುದಿಗೆ ತೊಟ್ಟು ಸಣ್ಣ ವಸ್ತು ಅಡಗಿಸುವ ಪ್ಲಾಸ್ಟಿಕ್ ಕವಚ) ಪಕ್ಕಕ್ಕಿಡಿ. ಮಕ್ಕಳ ಅಳತೆಯದು, ಊತವಿರುವ ಬೆರಳಿಗೆ ಸಿಕ್ಕಿಕೊಂಡರೆ ತೆಗೆಯುವುದೇ ಕಷ್ಟ. ಗಂಟಿನ ಆಟಕ್ಕೆ ಕೊಡುವ ನೈಲಾನ್ ಹಗ್ಗ ಜಾರುತ್ತದೆ. ಒಂದು ಮೀಟರ್ ಹತ್ತಿ ಹಗ್ಗ ಕೊಂಡರೆ ಗಂಟು ನಿಲ್ಲುತ್ತದೆ. ಬೆರಳು ಸ್ವಲ್ಪವೂ ಅಲುಗಾಡದವರು, ಭುಜ ನೋವಿರುವವರು ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಆಮೇಲೆ ಪೆಟ್ಟಿಗೆ ಕೊಳ್ಳಲಿ.