ಇಂಗ್ಲಿಷ್ ಭಕ್ತಿಪದ್ಯಗಳ ಮರುಮುದ್ರಣ: ಕೊಳ್ಳುವ ಮುಂಚೆ ತೆರೆದು ನೋಡಬೇಕಾದ ಪುಟಗಳು

ಹಕ್ಕುಸ್ವಾಮ್ಯ ಮುಗಿದ ಇಂಗ್ಲಿಷ್ ಭಕ್ತಿಪದ್ಯ, ನೀತಿಪದ್ಯಗಳ ಸಂಕಲನಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ರಾಶಿ ರಾಶಿ ಸಿಗುತ್ತವೆ. ಹೆಸರು ಒಂದೇ, ಮುಖಪುಟ ಹತ್ತು ಬಗೆ. ಒಳಗಿರುವುದು ಮಾತ್ರ ಮೂರೇ ಜಾತಿ. ಹಳೆಯ ಪುಸ್ತಕದ ಪುಟಗಳನ್ನು ಹಾಗೇ ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದು ಒಂದು. ಆ ಸ್ಕ್ಯಾನನ್ನು ಓಸಿಆರ್‌ಗೆ, ಅಂದರೆ ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು, ಉದುರಿ ಬಂದ ಅಕ್ಷರಗಳನ್ನು ಹೊಸದಾಗಿ ಪುಟಕ್ಕೆ ಕೂರಿಸಿದ್ದು ಎರಡನೆಯದು. ಸಂಪಾದಕರು ಮೊದಲ ಮುದ್ರಣವನ್ನೂ ಹಸ್ತಪ್ರತಿಗಳನ್ನೂ ಎದುರಿಗಿಟ್ಟುಕೊಂಡು ಪಾಠ, ಅಂದರೆ ಕವನದ ಸರಿಯಾದ ಪದರೂಪ, ನಿರ್ಣಯಿಸಿದ್ದು ಮೂರನೆಯದು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಎರಡನೆಯದನ್ನು ಮುಟ್ಟಬೇಡಿ. ಮೂರರಲ್ಲಿ ನೋಡಲು ಅತ್ಯಂತ ಅಚ್ಚುಕಟ್ಟಾಗಿರುವುದೂ ಅದೇ, ಓದುಗನಿಗೆ ಮೋಸ ಮಾಡುವುದೂ ಅದೇ.

ಕೈಗೆ ಬಂದದ್ದು ಯಾವ ಜಾತಿ ಎಂದು ತಿಳಿಯಲು ಮುನ್ನುಡಿ ಓದಬೇಕಿಲ್ಲ, 17ನೇ ಶತಮಾನದ ಭಕ್ತಿಕವಿ ಜಾರ್ಜ್ ಹರ್ಬರ್ಟ್‌ನ ಪುಟ ತೆರೆದರೆ ಸಾಕು. ಭಕ್ತಿ ಸಂಕಲನ ಅಂದಮೇಲೆ ಹರ್ಬರ್ಟ್ ಇದ್ದೇ ಇರುತ್ತಾನೆ. 1633ರಲ್ಲಿ ಅವನು ತೀರಿಕೊಂಡ, ಅದೇ ವರ್ಷ ಕೇಂಬ್ರಿಜ್‌ನಲ್ಲಿ ಅವನ ಕವನಸಂಕಲನ 'ದಿ ಟೆಂಪಲ್' ಅಚ್ಚಾಯಿತು. ಅವನ ಎಷ್ಟೋ ಕವನಗಳಲ್ಲಿ ಅರ್ಧ ಅರ್ಥ ಅಚ್ಚಿನ ಮೊಳೆಯಲ್ಲೇ ಕೂತಿದೆ.

'ಈಸ್ಟರ್ ವಿಂಗ್ಸ್'ನಿಂದ ಶುರು ಮಾಡಿ. ಎರಡು ಚರಣ, ಚರಣಕ್ಕೆ ಹತ್ತು ಸಾಲು. ಮೊದಲ ಚರಣ ಸಾಲಿನಿಂದ ಸಾಲಿಗೆ ಕುಗ್ಗುತ್ತಾ ಐದನೆಯದಕ್ಕೆ 'ಮೋಸ್ಟ್ ಪೂರ್' ಎಂಬ ಎರಡೇ ಪದಕ್ಕೆ ಇಳಿಯುತ್ತದೆ. ಆರನೆಯದರಿಂದ ಮತ್ತೆ ಹಿಗ್ಗುತ್ತದೆ. ಮನುಷ್ಯ ಬಡವಾಗಿ ಬಿದ್ದದ್ದೂ ಮೇಲೆದ್ದದ್ದೂ ಸಾಲಿನ ಉದ್ದದಲ್ಲೇ ಕಾಣಬೇಕು. 1633ರ ಪುಸ್ತಕದಲ್ಲಿ ಇದನ್ನು ಅಡ್ಡಡ್ಡ ಮುದ್ರಿಸಿದ್ದರು. ನೆಟ್ಟಗೆ ಹಿಡಿದರೆ ರೆಕ್ಕೆ ಕಾಣುತ್ತದೆ, ಓದಬೇಕೆಂದರೆ ಪುಸ್ತಕ ತಿರುಗಿಸಬೇಕು. ಇಂದಿನ ಮುದ್ರಣಗಳಲ್ಲಿ ಸಾಲುಗಳನ್ನು ನಡುವಿಗೆ ತಂದು ನೆಟ್ಟಗೆ ನಿಲ್ಲಿಸುವುದುಂಟು. ಆಗ ರೆಕ್ಕೆ ಮರಳುಗಡಿಯಾರವಾಗುತ್ತದೆ, ಆದರೂ ಸಹಿಸಬಹುದು. ಎಲ್ಲ ಸಾಲುಗಳೂ ಎಡ ಅಂಚಿಗೆ ಅಂಟಿಕೊಂಡಿದ್ದರೆ ಅದು ಓಸಿಆರ್ ಪ್ರತಿ, ಅನುಮಾನವೇ ಬೇಡ.

ಮುಂದೆ 'ಪ್ಯಾರಡೈಸ್'. ಐದು ಚರಣ, ಚರಣಕ್ಕೆ ಮೂರು ಸಾಲು. ದೇವರು ತೋಟಗಾರ, ಭಕ್ತ ಮರ, ಕತ್ತರಿ ಆಡಿದಷ್ಟೂ ಫಲ. ಆ ಕತ್ತರಿ ಪ್ರಾಸದ ಮೇಲೂ ಆಡುತ್ತದೆ: 'ಚಾರ್ಮ್' ಎಂಬ ಪದದ ತಲೆ ಹಾರಿಸಿದರೆ 'ಹಾರ್ಮ್', ಅದರ ತಲೆ ಹಾರಿಸಿದರೆ 'ಆರ್ಮ್'. ಸಾಲಿಗೊಂದು ಅಕ್ಷರ ಕಳಚುತ್ತದೆ. ಕೊನೆಯ ಚರಣದಲ್ಲಿ ಹರ್ಬರ್ಟ್‌ನ ಪುಸ್ತಕ 'ಫ್ರೆಂಡ್' ಪದವನ್ನು ಐ ಅಕ್ಷರವಿಲ್ಲದೆ ಎಫ್, ಆರ್, ಇ, ಎನ್, ಡಿ ಎಂದು ಅಚ್ಚು ಮಾಡಿದೆ. ಎಫ್ ತೆಗೆದರೆ 'ರೆಂಡ್', ಆರ್ ತೆಗೆದರೆ 'ಎಂಡ್'. ಕಾಗುಣಿತವನ್ನು ಇಂದಿನದಕ್ಕೆ ತಿದ್ದುವ ಉತ್ಸಾಹಿಗಳು ಇಲ್ಲಿ ಐ ಸೇರಿಸುತ್ತಾರೆ. ಕತ್ತರಿಸಿದ ಕೊಂಬೆಗೆ ಅಂಟು ಹಚ್ಚಿ ಕೂರಿಸಿದ ಹಾಗೆ. ಮೊದಲ ಚರಣದ 'ಗ್ರೋ, ರೋ, ಓ' ಸರಣಿಯಲ್ಲೂ ಇದೇ ಗತಿ: ಕೊನೆಯ ಪದ ಮೂಲದಲ್ಲಿ ಎರಡೇ ಅಕ್ಷರ, ತಿದ್ದಿದಾಗ ಹಿಂದೊಂದು ಇ ಸೇರಿಕೊಂಡು ಮತ್ತೆ ಮೂರಾಗುತ್ತದೆ.

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಕಠಿಣ. ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯ, ಮೂರನೇ ವಚನದ ಮೇಲೆ ಹತ್ತು ಸಾಲಿನ ಕವನವೊಂದಿದೆ. ನಮ್ಮ ಜೀವ ಕ್ರಿಸ್ತನೊಂದಿಗೆ ದೇವರಲ್ಲಿ ಮರೆಯಾಗಿದೆ ಎಂಬುದು ಆ ವಚನ. ಕವಿ ಅದನ್ನು ನಿಜವಾಗಿಯೂ ಮರೆಮಾಡಿದ್ದಾನೆ. ಮೊದಲ ಸಾಲಿನ ಮೊದಲ ಪದ 'ಮೈ', ಎರಡನೇ ಸಾಲಿನಲ್ಲಿ ತುಸು ಬಲಕ್ಕೆ 'ಲೈಫ್', ಮೂರರಲ್ಲಿ ಇನ್ನಷ್ಟು ಬಲಕ್ಕೆ 'ಈಸ್', ನಾಲ್ಕರಲ್ಲಿ 'ಹಿಡ್'. ಹೀಗೆ ಓರೆಯಾಗಿ ಇಳಿದು ಹತ್ತನೇ ಸಾಲಿನ ಕಟ್ಟಕಡೆಗೆ 'ಟ್ರೆಷರ್'. ಸೂರ್ಯನಿಗೆ ನೇರ ಚಲನೆ ಒಂದು, ಓರೆ ಚಲನೆ ಒಂದು ಎಂದು ಕವನವೇ ಹೇಳುತ್ತದೆ. ನೇರ ಓದಿದರೆ ಒಂದು ಮಾತು, ಓರೆ ಓದಿದರೆ ಇನ್ನೊಂದು. ಆ ಹತ್ತು ಪದಗಳನ್ನು ಇಟಾಲಿಕ್‌ನಂಥ ಬೇರೆ ಮೊಳೆಯಲ್ಲಿ ಎತ್ತಿ ತೋರಿಸದಿದ್ದರೆ ಹೊಸ ಓದುಗನಿಗೆ ಓರೆ ದಾರಿ ಇದೆ ಎಂಬುದೇ ತಿಳಿಯದು. ಓಸಿಆರ್ ಮೊದಲು ನುಂಗುವುದು ಇಟಾಲಿಕ್ ಅನ್ನೇ.

ಹರ್ಬರ್ಟ್ ಇಲ್ಲದ ಸಂಕಲನವಾದರೆ ಎಫ್ ಅಕ್ಷರ ನೋಡಿ. 18ನೇ ಶತಮಾನದ ಕೊನೆಯವರೆಗೆ ಇಂಗ್ಲಿಷ್ ಅಚ್ಚಿನಲ್ಲಿ ಎಸ್‌ಗೆ ಉದ್ದನೆಯ ಇನ್ನೊಂದು ರೂಪವಿತ್ತು. ಪದದ ಮೊದಲಿಗೂ ನಡುವಿಗೂ ಬರುತ್ತಿತ್ತು. ಎಫ್‌ನ ಅವಳಿ ಎನ್ನಬೇಕು, ಅಡ್ಡಗೆರೆ ಮಾತ್ರ ಬಲಕ್ಕೆ ದಾಟುವುದಿಲ್ಲ. ಯಂತ್ರ ಇದನ್ನು ಎಫ್ ಎಂದೇ ಓದಿದರೆ ಆತ್ಮ ಎಂಬ 'ಸೋಲ್' ಕೊಳಕು ಎಂಬ 'ಫೌಲ್' ಆಗುತ್ತದೆ, ಪಾಪ ಎಂಬ 'ಸಿನ್' ಮೀನಿನ ಈಜುರೆಕ್ಕೆಯಾದ 'ಫಿನ್' ಆಗುತ್ತದೆ, 'ಸೇಂಟ್' ಹೋಗಿ 'ಫೇಂಟ್' ಬರುತ್ತದೆ. ಎಲ್ಲವೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ ತುಟಿ ಪಿಟಕ್ಕೆನ್ನುವುದಿಲ್ಲ. ಭಕ್ತಿಪದ್ಯಕ್ಕೆ ಇದಕ್ಕಿಂತ ಕೆಟ್ಟ ಅಕ್ಷರ ಸಿಕ್ಕಲಾರದು. ಅದರ ಮುಖ್ಯ ಪದಗಳೆಲ್ಲ ಎಸ್‌ನಿಂದಲೇ ಶುರು.

ಕವನದ ನಡುವೆ ಸಂಬಂಧವಿಲ್ಲದ ಒಂಟಿ ಪದವೊಂದು ಸಾಲಾಗಿ ನಿಂತಿದ್ದರೆ ಅದು ಕವಿಯ ಪ್ರಯೋಗವಲ್ಲ. ಹಳೆಯ ಮುದ್ರಕರು ಪುಟದ ಕೆಳಗೆ ಮುಂದಿನ ಪುಟದ ಮೊದಲ ಪದವನ್ನು ಗುರುತಿಗೆ ಅಚ್ಚು ಹಾಕುತ್ತಿದ್ದರು. ಅದು ಒಳಗೆ ನುಗ್ಗಿದೆ. ಪುಟದ ತಲೆಬರಹವೂ ಹೀಗೇ ನುಗ್ಗುತ್ತದೆ. ಅಕ್ಷರ ಬಿಟ್ಟದ್ದಕ್ಕೆ ಹಾಕುವ ಲೋಪಚಿಹ್ನೆಯ (ಅಪಾಸ್ಟ್ರಫಿ) ಕತೆ ಬೇರೆ. ಹಳೆಯ ಅಚ್ಚಿನಲ್ಲಿ 'ಲವ್ಡ್' ಪದದ ಇ ತೆಗೆದು ಚಿಹ್ನೆ ಹಾಕಿದ್ದರೆ ಒಂದೇ ಉಚ್ಚಾರಾಂಶ. ಇ ಉಳಿಸಿದ್ದರೆ 'ಲವೆಡ್' ಎಂದು ಎರಡು ಇರಬಹುದು. ಚಿಹ್ನೆಯನ್ನೆಲ್ಲ ತೆಗೆದು ಇ ತುಂಬಿದ ಪ್ರತಿಯಲ್ಲಿ ಹತ್ತು ಉಚ್ಚಾರಾಂಶದ ಸಾಲು ಹನ್ನೊಂದಾಗಿ ಕುಂಟುತ್ತದೆ, ತಪ್ಪು ಕವಿಯ ತಲೆಗೆ ಬರುತ್ತದೆ.

ಸ್ಕ್ಯಾನ್ ಪ್ರತಿಗೂ ಕಾಯಿಲೆಗಳಿವೆ. ಬರೀ ಕಪ್ಪು ಬಿಳುಪಿಗೆ ಇಳಿಸಿದ ಸ್ಕ್ಯಾನ್‌ನಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳು ಧೂಳಿನ ಜತೆ ಅಳಿಸಿಹೋಗುತ್ತವೆ; ಬೂದು ಛಾಯೆ ಉಳಿಸಿದ್ದರೆ ಒಳ್ಳೆಯದು. ಅಂಟು ಬೈಂಡಿಂಗ್ ಬಿಗಿಯಾಗಿದ್ದು ಒಳ ಅಂಚು ಸಣ್ಣದಾಗಿದ್ದರೆ ಎಡಪುಟದ ಸಾಲಿನ ಕೊನೆ, ಅಂದರೆ ಪ್ರಾಸಪದವೇ, ಮಡಿಕೆಯಲ್ಲಿ ಮುಳುಗುತ್ತದೆ. ಆದರೂ ಸ್ಕ್ಯಾನ್ ಸುಳ್ಳು ಹೇಳುವುದಿಲ್ಲ. ಕಾಣದ ಕಡೆ ಕಾಣುವುದಿಲ್ಲ, ಅಷ್ಟೇ.

ಮುದ್ರಣ ಸರಿಯಿದ್ದ ಮಾತ್ರಕ್ಕೆ ಪಾಠ ಸರಿಯೆಂದಲ್ಲ, ಹಳೆಯ ಸಂಕಲನಕಾರರೂ ಧಾರಾಳವಾಗಿ ಕೈಯಾಡಿಸಿದವರೇ. 1900ರ ಆಕ್ಸ್‌ಫರ್ಡ್ ಸಂಕಲನದ ಮುನ್ನುಡಿಯಲ್ಲಿ ಕ್ವಿಲರ್ ಕೂಚ್ ಯಾವ ಮುಲಾಜೂ ಇಲ್ಲದೆ ಒಪ್ಪಿಕೊಂಡಿದ್ದಾರೆ: ದುರ್ಬಲ ಅಥವಾ ಹೆಚ್ಚುವರಿ ಎನಿಸಿದ ಚರಣ ತೆಗೆದದ್ದುಂಟು, ಆಧಾರ ಹೆಚ್ಚಿರುವ ಪಾಠಕ್ಕಿಂತ ಸೊಗಸಾದ ಪಾಠವನ್ನು ಆರಿಸಿದ್ದುಂಟು. 1861ರಲ್ಲಿ ಪಾಲ್‌ಗ್ರೇವ್ ತಮ್ಮ 'ಗೋಲ್ಡನ್ ಟ್ರೆಷರಿ'ಯಲ್ಲಿ ಹರ್ಬರ್ಟ್‌ನ 'ದಿ ಪುಲ್ಲಿ' ಕವನಕ್ಕೆ 'ದಿ ಗಿಫ್ಟ್ಸ್ ಆಫ್ ಗಾಡ್' ಎಂದು ಹೆಸರಿಟ್ಟರು. ದೇವರು ಎಲ್ಲ ಕೊಟ್ಟು ನೆಮ್ಮದಿ ಮಾತ್ರ ತಡೆಹಿಡಿದ, ಆ ಕೊರತೆಯೇ ಮನುಷ್ಯನನ್ನು ಮೇಲಕ್ಕೆಳೆಯುವ ರಾಟೆ ಎಂಬುದು ಕವನದ ಯುಕ್ತಿ. ರಾಟೆ ಎಂಬ ಪದ ಶೀರ್ಷಿಕೆಯಲ್ಲಿ ಮಾತ್ರ ಇತ್ತು! ಮಿಲ್ಟನ್ನನ ಕುರುಡಿನ ಸಾನೆಟ್‌ನ ಹೆಸರೂ ಅವನದಲ್ಲ, 1752ರ ಸಂಪಾದಕ ಥಾಮಸ್ ನ್ಯೂಟನ್ ಕೊಟ್ಟದ್ದು.

ಸ್ತುತಿಗೀತೆಗಳಲ್ಲಿ ಈ ಕೈವಾಡ ಕಂಡುಹಿಡಿಯುವುದೇ ಕಷ್ಟ. ಎಂಟು, ಆರು, ಎಂಟು, ಆರು ಉಚ್ಚಾರಾಂಶಗಳ ಚರಣಗಳು. ಒಂದೊಂದೂ ತನ್ನಲ್ಲೇ ಮುಗಿಯುತ್ತದೆ. ನಡುವಿನದನ್ನು ಕಿತ್ತರೂ ಗಾಯ ಕಾಣುವುದಿಲ್ಲ. ಆದ್ದರಿಂದ ಚರಣ ಎಣಿಸಿ. 1779ರ 'ಓಲ್ನಿ ಹಿಮ್ಸ್'ನಲ್ಲಿ ಜಾನ್ ನ್ಯೂಟನ್‌ನ 'ಅಮೇಜಿಂಗ್ ಗ್ರೇಸ್'ಗೆ ಆರು ಚರಣ. ಕೊನೆಯದು ಭೂಮಿ ಹಿಮದಂತೆ ಕರಗುವ ಮಾತಿನಿಂದ ಶುರುವಾಗುತ್ತದೆ. 'ಹತ್ತು ಸಾವಿರ ವರ್ಷ' ಎಂಬ ಮಾತು ಬರುವ ಪ್ರಸಿದ್ಧ ಚರಣ ನ್ಯೂಟನ್‌ನದಲ್ಲ. ಅದನ್ನು ಅವನ ಹೆಸರಿನಲ್ಲಿ ಟಿಪ್ಪಣಿಯಿಲ್ಲದೆ ಹಾಕಿದ ಸಂಕಲನ ಮೂಲವನ್ನು ನೋಡಿಲ್ಲ. ಅಲೆಕ್ಸಾಂಡರ್ ಅವರ 1848ರ 'ಆಲ್ ಥಿಂಗ್ಸ್ ಬ್ರೈಟ್ ಅಂಡ್ ಬ್ಯೂಟಿಫುಲ್'ನಲ್ಲಿ ಕೋಟೆಯ ಶ್ರೀಮಂತ, ಬಾಗಿಲ ಬಳಿಯ ಬಡವ ಬರುವ ಚರಣ ಇದೆಯೇ ನೋಡಿ. ಮುಜುಗರಕ್ಕೆ ಅದನ್ನು ಬಿಡುವುದು ರೂಢಿ. ಚರ್ಚಿನಲ್ಲಿ ಹಾಡಲು ಬಿಡಲಿ, ಓದುವ ಪುಸ್ತಕದಲ್ಲಿ ಬೇಕು.

ಎಲ್ಲ ಬದಲಾವಣೆಯೂ ಪರರದಲ್ಲ. ಐಸಾಕ್ ವಾಟ್ಸ್ 1707ರಲ್ಲಿ ಶಿಲುಬೆಯ ಗೀತೆಯಲ್ಲಿ 'ಯಂಗ್ ಪ್ರಿನ್ಸ್' ಎಂದು ಬರೆದು, 1709ರಲ್ಲಿ 'ಯಂಗ್' ತೆಗೆದ. ಎರಡೂ ಅವನ ಪಾಠಗಳೇ. ಚಾರ್ಲ್ಸ್ ವೆಸ್ಲಿಯ 1739ರ 'ಹಾರ್ಕ್, ಹೌ ಆಲ್ ದಿ ವೆಲ್ಕಿನ್ ರಿಂಗ್ಸ್' ಸಾಲನ್ನು ಇಂದು ಹಾಡುವ 'ಹೆರಾಲ್ಡ್ ಏಂಜಲ್ಸ್' ಸಾಲಾಗಿಸಿದ್ದು ಮಾತ್ರ ವೈಟ್‌ಫೀಲ್ಡ್, 1753ರಲ್ಲಿ. ಚಾರ್ಲ್ಸ್‌ನ ಅಣ್ಣ ಜಾನ್ ವೆಸ್ಲಿ 1780ರ ಸ್ತುತಿಗೀತೆ ಸಂಗ್ರಹದ ಮುನ್ನುಡಿಯಲ್ಲಿ ಕೆರಳಿ ಬರೆದದ್ದು ಇಂಥವರ ಬಗ್ಗೆಯೇ: ಅಚ್ಚು ಹಾಕಿಕೊಳ್ಳಿ, ತಿದ್ದಬೇಡಿ, ತಿದ್ದಿದರೆ ನಮ್ಮ ಪಾಠವನ್ನು ಅಂಚಿನಲ್ಲಾದರೂ ಕೊಡಿ. ವಾಟ್ಸ್‌ನ 'ಅವರ್ ಗಾಡ್' ಅನ್ನು 'ಓ ಗಾಡ್' ಮಾಡಿದ್ದು ಇದೇ ಜಾನ್ ವೆಸ್ಲಿ.

ಸಂಕಲನ ಕಟ್ಟಿದ ವರ್ಷವನ್ನು ಹೊಸ ಮುಖಪುಟ ಹೇಳುವುದಿಲ್ಲ, ಗೈರುಹಾಜರಿ ಹೇಳುತ್ತದೆ. 17ನೇ ಶತಮಾನದ ಕವಿ ಟ್ರಹರ್ನ್‌ನ ಹಸ್ತಪ್ರತಿ ಲಂಡನ್ನಿನ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿ, ಡೋಬೆಲ್ ಅದನ್ನು ಅಚ್ಚು ಹಾಕಿದ್ದು 1903ರಲ್ಲಿ. ಹಾಪ್‌ಕಿನ್ಸ್‌ನ ಕವನಗಳು ಪುಸ್ತಕವಾಗಿ ಬಂದದ್ದು 1918ರಲ್ಲಿ. ಸ್ಮಾರ್ಟ್‌ನ 'ಜೂಬಿಲೇಟ್ ಆಗ್ನೊ' ಬೆಳಕು ಕಂಡದ್ದು 1939ರಲ್ಲಿ. ಮೂವರೂ ಇಲ್ಲದ 'ಸಮಗ್ರ' ಸಂಕಲನ ವಿಕ್ಟೋರಿಯಾ ಕಾಲದ ರುಚಿ ಎಂದೇ ತಿಳಿಯಿರಿ. ಡನ್‌ನ ಹೋಲಿ ಸಾನೆಟ್‌ಗಳನ್ನು ಸಂಖ್ಯೆ ನೋಡಿ ಹುಡುಕಬೇಡಿ: 'ಡೆತ್ ಬಿ ನಾಟ್ ಪ್ರೌಡ್' ಸಂಪಾದಕ ಗ್ರಿಯರ್ಸನ್ ಕ್ರಮದಲ್ಲಿ 10, ಇನ್ನೊಬ್ಬ ಸಂಪಾದಕಿ ಹೆಲೆನ್ ಗಾರ್ಡ್ನರ್ ಕ್ರಮದಲ್ಲಿ 6. ಮೊದಲ ಸಾಲಿನ ಅಕಾರಾದಿ ಇಲ್ಲದ ಪುಸ್ತಕ ಕೊಂಡರೆ ಪ್ರತಿಸಲ ಪರದಾಟವೇ. ಕ್ವಾರ್ಲ್ಸ್‌ನ 1635ರ 'ಎಂಬ್ಲಮ್ಸ್' ಚಿತ್ರಗಳಿಲ್ಲದೆ ಬಂದಿದ್ದರೆ ವಾಪಸ್ ಕಳಿಸಿ. ಅಲ್ಲಿ ಪದ್ಯ ಬರೆದಿರುವುದೇ ಎದುರಿನ ಚಿತ್ರಕ್ಕೆ.

ಹಾಗಾದರೆ ಯಾವುದನ್ನು ಕೊಳ್ಳುವುದು? 17ನೇ ಶತಮಾನಕ್ಕೆ ಗ್ರಿಯರ್ಸನ್‌ರ 1921ರ ಸಂಕಲನದ ಸ್ಕ್ಯಾನ್ ಪ್ರತಿ. ಹಳೆಯ ಕಾಗುಣಿತ ಉಳಿದಿದೆ, ಭಕ್ತಿಪದ್ಯಗಳಿಗೆ ಪ್ರತ್ಯೇಕ ಭಾಗವಿದೆ. ಅನುಭಾವಿ ಕಾವ್ಯ ಬೇಕಿದ್ದರೆ ನಿಕೋಲ್ಸನ್ ಮತ್ತು ಲೀ ಅವರ 1917ರದು. ತುಸು ಜಾಳು, ಟ್ರಹರ್ನ್ ಇರುವುದು ಲಾಭ. ಸ್ತುತಿಗೀತೆಗಳನ್ನು ಕಾವ್ಯವೆಂದೇ ಓದುವವರಿಗೆ ಡೊನಾಲ್ಡ್ ಡೇವಿ 1981ರಲ್ಲಿ ಕಟ್ಟಿದ ಆಕ್ಸ್‌ಫರ್ಡ್ ಸಂಕಲನ. ಸೆಕೆಂಡ್‌ಹ್ಯಾಂಡ್ ಆದರೂ ಸರಿ.

ಇ-ಪುಸ್ತಕದಲ್ಲಿ ಫಾಂಟ್ ದೊಡ್ಡದು ಮಾಡಿದೊಡನೆ ಉದ್ದ ಸಾಲು ಮುರಿದು ಕೆಳಗೆ ಬೀಳುತ್ತದೆ, ಮುರಿದದ್ದು ಕವಿಯೋ ಯಂತ್ರವೋ ತಿಳಿಯುವುದಿಲ್ಲ. ಫಾಂಟ್ ಇಳಿಸಿ, ಪರದೆ ಅಡ್ಡ ಹಿಡಿಯಿರಿ. 'ಈಸ್ಟರ್ ವಿಂಗ್ಸ್'ಗೆ ಮಾತ್ರ 1633ರ ಸ್ಕ್ಯಾನ್ ಪಿಡಿಎಫ್ ತೆರೆದು, ಫೋನಿನ ಆಟೊ ರೊಟೇಟ್ ಆಫ್ ಮಾಡಿ. ಇಲ್ಲದಿದ್ದರೆ ನೀವು ಓದಲು ತಿರುಗಿಸಿದಷ್ಟೂ ಸಲ ಪುಟವೂ ನಿಮ್ಮ ಜತೆ ತಿರುಗುತ್ತದೆ.