ಗಾಳಕ್ಕೆ ಬಿದ್ದ ಸನ್‌ಫಿಶ್ ಯಾವುದು? ಐನ್ಯಾಚುರಲಿಸ್ಟ್ ಆ್ಯಪ್ ವಿಮರ್ಶೆ

ಅಮೆರಿಕದ ಕೆರೆಗಳಲ್ಲಿ ಸನ್‌ಫಿಶ್ ಎಂಬ ಸಿಹಿನೀರಿನ ಚಪ್ಪಟೆ ಮೀನುಗಳಿಗೆ ಗಾಳ ಹಾಕುವ ಕನ್ನಡಿಗರು, ಫೋಟೊ ನೋಡಿ ಜೀವಿಯ ಹೆಸರು ಸೂಚಿಸುವ ಈ ಉಚಿತ ಆ್ಯಪ್ ಇಟ್ಟುಕೊಳ್ಳಲೇಬೇಕು. ಆದರೆ ಒಂದೇ ಫೋಟೊ ಸಾಲದು. ಕೈ ಒದ್ದೆ ಮಾಡಿಕೊಂಡು ಮೀನು ಹಿಡಿದು ಮೂರು ತೆಗೆಯಿರಿ: ಇಡೀ ಪಕ್ಕೆ, ಬಾಯಿ ಮುಚ್ಚಿದ ತಲೆ, ಬಿಡಿಸಿದ ರೆಕ್ಕೆಗಳು. ಮೂರನ್ನೂ ಒಂದೇ ದಾಖಲೆಗೆ ಸೇರಿಸಿ, ಜಾಗ ನಮೂದಿಸಿ.

ಮೈಬಣ್ಣವನ್ನು ನೆಚ್ಚಿಕೊಳ್ಳಬೇಡಿ, ಮೊಟ್ಟೆ ಇಡುವ ಕಾಲಕ್ಕೆ ಅದು ಬದಲಾಗುತ್ತದೆ. ಕಿವಿರು ಮುಚ್ಚಳದ ತುದಿಯಲ್ಲಿ ಕಿವಿಯಂತೆ ಚಾಚಿದ ಭಾಗ ನೋಡಿ. ಅದು ಪೂರ್ತಿ ಕಪ್ಪಗಿದ್ದು, ಬೆನ್ನುರೆಕ್ಕೆಯ ಹಿಂಬುಡದಲ್ಲೂ ಕಪ್ಪು ಮಚ್ಚೆಯಿದ್ದರೆ ಬ್ಲೂಗಿಲ್. ತುದಿಯಲ್ಲಿ ಕೆಂಪು ಚುಕ್ಕೆ, ಕೆನ್ನೆಯಲ್ಲಿ ನೀಲಿ ಅಲೆಗೆರೆ ಇದ್ದರೆ ಪಂಪ್ಕಿನ್‌ಸೀಡ್. ರೆಡ್‌ಇಯರ್‌ಗೂ ಕೆಂಪಂಚಿದೆ, ಕೆನ್ನೆಗೆರೆ ಇಲ್ಲ. ದೊಡ್ಡ ಬಾಯಿ, ಗಿಡ್ಡ ದುಂಡನೆಯ ಎದೆರೆಕ್ಕೆ ಗ್ರೀನ್ ಸನ್‌ಫಿಶ್‌ನದು.

ಕಷ್ಟವಾಗುವುದು ಮಿಶ್ರತಳಿಗಳಲ್ಲಿ. ಗ್ರೀನ್-ಬ್ಲೂಗಿಲ್ ಮಿಶ್ರಣದಲ್ಲಿ ಬಾಯಿ ಎರಡರ ನಡುವಿನ ಅಳತೆಯದು. ಆ್ಯಪ್ ಯಾವುದೋ ಒಂದು ಹೆಸರು ಸೂಚಿಸಿದರೆ ಒಪ್ಪಬೇಡಿ, ಈ ಸನ್‌ಫಿಶ್‌ಗಳೆಲ್ಲ ಸೇರುವ ಲೆಪೊಮಿಸ್ ಕುಲಕ್ಕೇ ನಿಲ್ಲಿಸಿ. ಬಲ್ಲವರು ಬಂದು ತಿದ್ದುವ ಏರ್ಪಾಡೇ ಇದರ ನಿಜವಾದ ಬೆಲೆ.

ಗುದರೆಕ್ಕೆಯ ಮುಳ್ಳು ಎಣಿಸಿ ಟಿಪ್ಪಣಿಯಲ್ಲಿ ಬರೆಯಿರಿ: ಲೆಪೊಮಿಸ್‌ಗೆ 3, ಅವನ್ನು ಹೋಲುವ ರಾಕ್ ಬಾಸ್ ಮೀನಿಗೆ ಸಾಮಾನ್ಯವಾಗಿ 6.